ಕೊಡಗಿನ ಮಳೆ, ಹಳೇ ಕ್ಯಾಮೆರಾ, ಲೆನ್ಸಿನೊಳಗಿನ ಬೂಷ್ಟು

ಮಡಿಕೇರಿ, ಭಾಗಮಂಡಲದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ತೇವಾಂಶ ವಾರಗಟ್ಟಲೆ ಶೇ 80ರ ಮೇಲೇ ನಿಂತಿರುತ್ತದೆ. ಲೆನ್ಸಿಗೆ ಬೂಷ್ಟು, ಅಂದರೆ ಫಂಗಸ್, ಹಿಡಿಯಲು ಶೇ 70 ಸಾಕು. ಅದು ಬರೀ ಕೊಳೆಯಾಗಿದ್ದರೆ ಒರೆಸಿ ಮುಗಿಸಬಹುದಿತ್ತು. ಆದರೆ ಅದು ಬೆಳೆಯುತ್ತಾ ಬಿಡುವ ಆಮ್ಲ ಮೊದಲು ಗಾಜಿನ ಮೇಲಿನ ತೆಳು ಲೇಪವನ್ನು (ಕೋಟಿಂಗ್), ಆಮೇಲೆ ಗಾಜನ್ನೇ ತಿನ್ನುತ್ತದೆ. ಹಾಗಾಗಿ ಇಲ್ಲಿ ಕ್ಯಾಮೆರಾ ಹುಡುಕುವುದಕ್ಕಿಂತ ಉಳಿಸಿಕೊಳ್ಳುವುದೇ ದೊಡ್ಡ ಕೆಲಸ.

ಸೈನ್ಯದಲ್ಲಿದ್ದವರ ಮನೆಗಳು ಈ ಜಿಲ್ಲೆಯಲ್ಲಿ ಬಹಳ. ಹಳೇ ಟ್ರಂಕುಗಳಲ್ಲಿ ಆಗ್ಫಾ ಕ್ಲಿಕ್ 3, ಐಸೊಲೆಟ್, ಯಾಶಿಕಾ, ಝೆನಿಟ್ ಇನ್ನೂ ಇರಬಹುದು. ಕೊಳ್ಳುವ ಮುಂಚೆ ಹಿಂಬದಿ ಮುಚ್ಚಳ ತೆಗೆಯಿರಿ. ಶಟರ್ ವೇಗ ಬದಲಿಸಲು ಬರುವ ಕ್ಯಾಮೆರಾ ಆದರೆ ‘ಬಿ’ಗಿಟ್ಟು (ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದಿರುತ್ತದೆ) ಒತ್ತಿ ಹಿಡಿದು, ಲೆನ್ಸಿನ ಬೆಳಕಿನ ಕಿಂಡಿಯನ್ನು (ಅಪರ್ಚರ್) ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಒಂದೇ ಸಮನಾದ ಮಬ್ಬು ಗ್ರೀಸಿನ ಆವಿಯಿಂದ ಬಂದದ್ದು, ಅದನ್ನು ತೆಗೆಯಬಹುದು. ಅಂಚಿನಲ್ಲಿ ಕಾಮನಬಿಲ್ಲಿನಂತೆ ಹೊಳೆದರೆ ಎರಡು ಗಾಜು ಅಂಟಿಸಿದ ಬಾಲ್ಸಂ ಎಂಬ ಅಂಟು ಬಿಟ್ಟುಕೊಂಡಿದೆ. ಅಂಥದ್ದನ್ನು ಕಪಾಟಿನಲ್ಲಿಡಲು ಮಾತ್ರ ಕೊಳ್ಳಿ. ಮಡಚುವ ಕ್ಯಾಮೆರಾ ಆದರೆ ಕತ್ತಲ ಕೋಣೆಯಲ್ಲಿ ಬೆಲ್ಲೋಸಿನೊಳಗೆ (ಲೆನ್ಸಿನ ಹಿಂದಿನ, ಮಡಿಕೆ ಮಡಿಕೆಯ ತಿದಿ) ಟಾರ್ಚ್ ಇಟ್ಟು ಮೂಲೆಗಳನ್ನು ನೋಡಿ. ತೂತು ಬೀಳುವುದು ಮಡಿಕೆಯ ಮೂಲೆಗಳಲ್ಲೇ.

ಆಗ್ಫಾದ ಮಡಚುವ ಕ್ಯಾಮೆರಾ ಐಸೊಲೆಟ್‌ಗಳಲ್ಲಿ ಫೋಕಸ್ ರಿಂಗ್ ಕಲ್ಲಿನಂತೆ ಕೂತಿರುತ್ತದೆ. ಆಗ್ಫಾ ಬಳಸಿದ ಹಸಿರು ಗ್ರೀಸ್ ವರ್ಷ ಕಳೆದಂತೆ ಗಟ್ಟಿಯಾಗಿ ಅಂಟಾಗುವುದೇ ಕಾರಣ. ಬಲ ಹಾಕಿ ತಿರುಗಿಸಿದರೆ ಮುಂದಿನ ಎರಡು ಗಾಜೂ ಜೊತೆಯಾಗಿ ಬಿಚ್ಚಿಕೊಳ್ಳುತ್ತವೆ. ರಿಂಗಿನ ಅಂಚಿನ ಮೂರು ಸಣ್ಣ ಸ್ಕ್ರೂ ಸಡಿಲಿಸಿ ರಿಂಗ್ ತೆಗೆದು, ಗಾಜಿನ ಚೌಕಟ್ಟು ತಿರುಗುವ ಥ್ರೆಡ್ಡಿನ ಮೇಲೆ ಒಂದೆರಡು ಹನಿ ಲೈಟರ್ ಪೆಟ್ರೋಲ್ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ನಿಧಾನಕ್ಕೆ ತಿರುಗಿಸಿ. ಬೆಂಕಿಯ ಹತ್ತಿರ ಈ ಕೆಲಸ ಬೇಡ. ಥ್ರೆಡ್ ಬಿಟ್ಟುಕೊಳ್ಳುವ ಜಾಗವನ್ನು ಗುರುತು ಹಾಕಿಕೊಳ್ಳಿ. ಜೋಡಿಸಿದ ಮೇಲೆ ಫಿಲ್ಮ್ ಕೂರುವ ಜಾಗಕ್ಕೆ ಟ್ರೇಸಿಂಗ್ ಪೇಪರನ್ನು ಬಿಗಿಯಾಗಿ ಅಂಟಿಸಿ, ದೂರದ ಬೆಟ್ಟದ ಅಂಚು ಚೂಪಾಗಿ ಕಾಣುವಲ್ಲಿ ಇನ್ಫಿನಿಟಿ (ಅತಿ ದೂರದ ಫೋಕಸ್ ಗುರುತು) ನಿಲ್ಲಿಸಬೇಕು. ರಾಜಾಸೀಟಿನಿಂದ ಕಾಣುವ ಬೆಟ್ಟಸಾಲು ಇದಕ್ಕೆ ಚೆನ್ನ, ಆದರೆ ಮಂಜಿನಲ್ಲಿ ಆಗದು. ಈ ಕೆಲಸವನ್ನು ನವೆಂಬರ್‌ಗೆ ಇಟ್ಟುಕೊಳ್ಳಿ.

ಇಡುವ ವಿಷಯಕ್ಕೆ ಬಂದರೆ, ಚರ್ಮದ ಕೇಸನ್ನು ಮೊದಲು ಬೇರೆ ಮಾಡಿ. ಚರ್ಮ ತೇವ ಹೀರುತ್ತದೆ, ಬೂಷ್ಟು ಶುರುವಾಗುವುದು ಅಲ್ಲಿಂದಲೇ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಕರೆಂಟಿನ ಡ್ರೈ ಕ್ಯಾಬಿನೆಟ್ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ ಇಲ್ಲಿ ಕರೆಂಟನ್ನು ನಂಬಿ ಕೂರಲಾಗದು. ರಬ್ಬರ್ ಅಂಚಿನ, ಗಾಳಿಯಾಡದ 20 ಲೀಟರ್ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಹರಳು ಅರ್ಧ ಕೆಜಿ, ತೇವಾಂಶ ಅಳೆಯುವ ಒಂದು ಹೈಗ್ರೊಮೀಟರ್, ಇಷ್ಟೇ ಸಾಕು. ಡಬ್ಬಿಯೊಳಗಿನ ತೇವಾಂಶ ಶೇ 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗಿಳಿದರೆ ಚರ್ಮ, ಬೆಲ್ಲೋಸ್ ಒಣಗಿ ಬಿರಿಯುತ್ತವೆ. ಅಗ್ಗದ ಹೈಗ್ರೊಮೀಟರ್‌ಗಳು ತಪ್ಪು ತೋರಿಸುವುದುಂಟು: ಬಾಟಲಿ ಮುಚ್ಚಳದಲ್ಲಿ ಉಪ್ಪನ್ನು ಒದ್ದೆ ಮಾಡಿ (ಕರಗಬಾರದು), ಮೀಟರ್ ಜೊತೆ ಬಿಗಿ ಚೀಲದಲ್ಲಿ 12 ಗಂಟೆ ಇಡಿ. ಶೇ 75 ತೋರಿಸಬೇಕು, ಎಷ್ಟು ವ್ಯತ್ಯಾಸವೋ ಅಷ್ಟನ್ನು ಲೆಕ್ಕಕ್ಕೆ ಹಿಡಿಯಿರಿ. ನೀಲಿ ಜೆಲ್ ಗುಲಾಬಿಯಾದಾಗ ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಆ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಡುಗೆಗೆ ಬಳಸುವ ಓವನ್, ಪಾತ್ರೆ ಯಾವುದೂ ಬೇಡ. ಅಕ್ಕಿ ತುಂಬಿಡುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಹೀರುವುದು ಕಡಿಮೆ, ಹಿಟ್ಟಿನ ದೂಳು ಶಟರಿಗೆ ಸೇರುವುದು ಜಾಸ್ತಿ.

ಬೂಷ್ಟು ಹೋಗಲೆಂದು ಜನವರಿಯ ಬಿಸಿಲಿಗೆ ಲೆನ್ಸ್ ಒಡ್ಡುವವರು ಅದನ್ನು ಕ್ಯಾಮೆರಾದಿಂದ ಬಿಚ್ಚಿ ಕಲ್ಲಿನ ಮೇಲಿಟ್ಟು, ಪಕ್ಕದಲ್ಲೇ ಇರಬೇಕು. ಬಟ್ಟೆ ಶಟರಿನ ರೇಂಜ್‌ಫೈಂಡರ್ (ಲೆನ್ಸಿನ ಹಿಂದೆ ಕನ್ನಡಿಯಿಲ್ಲದ ಕ್ಯಾಮೆರಾ) ಆದರೆ, ಬಿಚ್ಚದೆ ಬಿಟ್ಟ ಲೆನ್ಸ್ ಒಟ್ಟುಗೂಡಿಸಿದ ಬಿಸಿಲು ಪರದೆಯನ್ನು ಸುಟ್ಟು ತೂತು ಮಾಡುತ್ತದೆ.

ಕ್ಯಾಮೆರಾ ಬಳಸುವ ಆಸೆ ಇದ್ದರೆ ಫಿಲ್ಮಿನ ಅಳತೆ ನೋಡಿಯೇ ಆರಿಸಿ. 1901ರಲ್ಲಿ ಬಂದ 120 (ಹಿಂಬದಿಗೆ ಕಾಗದವಿರುವ ರೋಲ್), 1934ರಲ್ಲಿ ಬಂದ 135 (35 ಮಿ.ಮೀ. ಫಿಲ್ಮ್) ಇವತ್ತಿಗೂ ಸುಲಭವಾಗಿ ಸಿಗುತ್ತವೆ. ಹಳೆಯ 620 ಅಳತೆಯಲ್ಲಿರುವುದು 120ರ ಫಿಲ್ಮೇ, ಸ್ಪೂಲ್ ಮಾತ್ರ ಸಣ್ಣ. ಹಾಗಾಗಿ ಖಾಲಿ 620 ಸ್ಪೂಲ್ ಸಿಕ್ಕರೆ ಎಸೆಯಬೇಡಿ, ಕತ್ತಲಲ್ಲಿ 120ರ ಫಿಲ್ಮನ್ನು ಅದಕ್ಕೆ ಸುತ್ತಿಕೊಳ್ಳಬಹುದು. ನಮಗೆ ದೂರವಲ್ಲದ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಕಪ್ಪು-ಬಿಳುಪು ರೋಲ್ ಎಲ್ಲಾದರೂ ಡಬ್ಬಿ ಸಮೇತ ಸಿಕ್ಕರೆ ತೆರೆಯದೆ ಇಟ್ಟುಕೊಳ್ಳಿ. ಚಿತ್ರ ತೆಗೆಯುವುದಕ್ಕಿಂತ ದಾಖಲೆಯಾಗಿ ಅದರ ಬೆಲೆ ಹೆಚ್ಚು.

ಹೊಸ ಫಿಲ್ಮನ್ನು ಫ್ರಿಜ್‌ನಿಂದ ತೆಗೆದರೆ ಪ್ಯಾಕ್ ಒಡೆಯುವ ಮುಂಚೆ ಎರಡು ಗಂಟೆ ಹೊರಗೆ ಬಿಡಿ, ಇಲ್ಲದಿದ್ದರೆ ಮೇಲೆ ನೀರು ಕೂರುತ್ತದೆ. ಮಳೆಗಾಲದಲ್ಲಿ 120 ರೋಲ್ ಹಾಕಿದರೆ ವಾರದೊಳಗೆ ಮುಗಿಸಿ ಡೆವಲಪಿಂಗ್‌ಗೆ ಕೊಡಿ. ಹಿಂಬದಿಯ ಕಾಗದ ತೇವ ಹೀರಿದರೆ ಅದರ ಮೇಲಿನ ಅಂಕಿಗಳು ಚಿತ್ರದಲ್ಲಿ ಅಚ್ಚಾಗುತ್ತವೆ, ಆಮೇಲೆ ಅದನ್ನು ತೆಗೆಯಲು ದಾರಿಯಿಲ್ಲ.