ಕಾಲು ನೋವು ಇಲ್ಲ

ಅವ್ವನ ಪಾದಗಳ ಚಿತ್ರ ನಾನು ಬರೆದದ್ದು ಒಂದೇ ಸಲ. ಅವತ್ತು ಸೆಪ್ಟೆಂಬರ್ 8, ಯೇಸುವಿನ ತಾಯಿ ಮರಿಯ ಮಾತೆಯ ಹುಟ್ಟುಹಬ್ಬ. ರಾತ್ರಿ ಎರಡೂವರೆಗೆ ದಾವಣಗೆರೆ ಬಿಟ್ಟು ಹರಿಹರದ ಆರೋಗ್ಯ ಮಾತೆಯ ಗುಡಿವರೆಗೆ ಬರಿಗಾಲಲ್ಲಿ ನಡೆದು, ಪೂಜೆ ಮುಗಿಸಿ, ಮೇಣದ ಬತ್ತಿ ಹಚ್ಚಿ, ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದಿದ್ದೆವು. ಅವ್ವ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಕಾಲು ತೊಳೆದಿರಲಿಲ್ಲ. ಎರಡೂ ಅಂಗಾಲು ಬಾಗಿಲ ಬೆಳಕಿಗೆ ನೇರ ಇದ್ದವು. ಹಿಮ್ಮಡಿಯ ಬಿರುಕಿನಲ್ಲೆಲ್ಲ ಕರಿಮಣ್ಣು ಕೂತಿತ್ತು. ಹೆಬ್ಬೆರಳ ಬುಡದಲ್ಲಿ ಒಡೆದ ಬೊಬ್ಬೆ, ಕಿರುಬೆರಳಿಗೆ ಅಂಟಿದ ಒಂದು ಚೂರು ಡಾಂಬರು.

ನಾನಾಗ ಇಲ್ಲಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಕೊನೆಯ ವರ್ಷ ಓದುತ್ತಿದ್ದೆ. ಹೊಸ್ತಿಲ ಮೇಲೆ ಕೂತು ಚಾರ್ಕೋಲಿನಲ್ಲಿ ಬರೆಯತೊಡಗಿದೆ. ಚಿಗವ್ವ ನೀರು ಕುಡಿಯಲು ಬಂದವಳು ಬಗ್ಗಿ ನೋಡಿ, "ಯಾರಾದ್ರೂ ಅಂಗಾಲು ಬರೀತಾರೇನೇ? ಬರಿಯೋದಾದ್ರೆ ಮುಖ ಬರಿ, ಗೋಡಿಗಾದ್ರೂ ಹಾಕಬಹುದು" ಅಂದಳು. ಸಂಜೆ ಎದ್ದ ಅವ್ವ ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದ್ದು ಇಷ್ಟೇ: "ಎಡಗಾಲಿಂದು ಉದ್ದನೆ ಬಿರುಕು ಎಲ್ಲೈತಿ? ಅದನ್ನೇ ಬಿಟ್ಟೀಯಲ್ಲ."

ಅದನ್ನೂ ಸೇರಿಸಿದೆ.

ಮುಂದಿನ ವಾರ ಆ ಹಾಳೆ ತೋರಿಸಿದಾಗ ನಮ್ಮ ಮೇಷ್ಟ್ರು ಏನೂ ಹೇಳದೆ ಲೈಬ್ರರಿಗೆ ಕರೆದುಕೊಂಡು ಹೋದರು. ದಪ್ಪನೆಯ ಪುಸ್ತಕವೊಂದನ್ನು ಕೆಳಗಿಳಿಸಿ ಒಂದು ಪುಟ ತೆಗೆದು ನನ್ನ ಮುಂದಿಟ್ಟರು. ಇಟಲಿಯ ಕರವಾಜ್ಜೋ ಬರೆದ ಲೊರೆತೋ ಮಾತೆಯ ಚಿತ್ರ. 1604ರಿಂದ 1606ರೊಳಗೆ ಬರೆದದ್ದು. ರೋಮಿನಲ್ಲಿ ಸಂತ ಅಗಸ್ಟೀನರ ಹೆಸರಿನ ಚರ್ಚಿನ ಒಂದು ಪೀಠದ ಮೇಲೆ ಇವತ್ತಿಗೂ ಇದೆ.

ಲೊರೆತೋ ಅನ್ನುವುದು ಇಟಲಿಯ ದೊಡ್ಡ ಯಾತ್ರಾಸ್ಥಳ. ನಜರೇತಿನಲ್ಲಿ ಮಾತೆ ಬಾಳಿದ ಮನೆಯನ್ನೇ ದೇವದೂತರು ಎತ್ತಿಕೊಂಡು ಬಂದು ಅಲ್ಲಿ ಇಳಿಸಿದರು ಎಂಬುದು ಅಲ್ಲಿನವರ ನಂಬಿಕೆ. ಆ ಮನೆಯ ಸುತ್ತ ಜನ ಮೊಣಕಾಲಲ್ಲಿ ಸುತ್ತಿ ಸುತ್ತಿ ಅಮೃತಶಿಲೆಯ ಮೆಟ್ಟಿಲೇ ಗುಳಿ ಬಿದ್ದಿದೆಯಂತೆ. ವೇಳಾಂಗಣ್ಣಿಯ ಮರಳಿನಲ್ಲಿ ಮೊಣಕಾಲೂರಿ ಹೋಗುವವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೊರೆತೋ ಚಿತ್ರ ಅಂದರೆ ಆ ಕಾಲದವರು ಹಾರುವ ಮನೆ, ಅದನ್ನು ಹೊತ್ತ ದೇವದೂತರು, ಮೋಡ, ಇದನ್ನೇ ಬರೆಯುತ್ತಿದ್ದರು. ಕರವಾಜ್ಜೋ ಬರೆದದ್ದು ಒಂದು ಬಾಗಿಲು. ಪಕ್ಕದ ಗೋಡೆಯ ಗಾರೆ ಉದುರಿ ಇಟ್ಟಿಗೆ ಕಾಣುತ್ತಿದೆ. ಯಾರೋ ಬಾಗಿಲು ಬಡಿದರು ಅಂತ ಮನೆಯಾಕೆ ಎದ್ದು ಬಂದ ಹಾಗೆ ಮಾತೆ ಹೊಸ್ತಿಲ ಮೇಲೆ ಬರಿಗಾಲಲ್ಲಿ ನಿಂತಿದ್ದಾಳೆ. ತೋಳಿನಲ್ಲಿ ಎತ್ತಿಕೊಳ್ಳಲು ಭಾರವಾಗುವಷ್ಟು ಬೆಳೆದ ಮಗ. ಎದುರಿಗೆ ಇಬ್ಬರು ಯಾತ್ರಿಗಳು ಮೊಣಕಾಲೂರಿ ಕೈ ಮುಗಿದಿದ್ದಾರೆ. ವಯಸ್ಸಾದ ಹೆಂಗಸಿನ ತಲೆಬಟ್ಟೆ ಹರಿದು ಕೊಳೆಯಾಗಿದೆ. ಗಂಡಸಿನ ಬೆನ್ನು ನಮ್ಮ ಕಡೆಗಿದೆ. ಹಾಗಾಗಿ ಚಿತ್ರದಲ್ಲಿ ನಮಗೆ ಎಲ್ಲಕ್ಕಿಂತ ಹತ್ತಿರ ಇರುವುದು ಅವನ ಅಂಗಾಲು. ಕೊಳೆ ಮೆತ್ತಿದ, ಊದಿದ, ರೈತನ ಅಂಗಾಲು. ಪೀಠದ ಮುಂದೆ ನಿಂತವರ ಕಣ್ಣಿಗೆ ಮೊದಲು ಬೀಳುವುದೇ ಅದು.

ಆ ಪುಟ ನೋಡುತ್ತ ನನಗೆ ಗಂಟಲು ಕಟ್ಟಿತು. ಸಾವಿರಾರು ಮೈಲಿ ದೂರದ, ನಾನೂರು ವರ್ಷ ಹಿಂದಿನ ಒಬ್ಬಾತ ನಮ್ಮ ಪಡಸಾಲೆಯ ಹೊಸ್ತಿಲ ಮೇಲೆ ನನ್ನ ಪಕ್ಕದಲ್ಲೇ ಕೂತು ಬರೆದಿದ್ದಾನೆ ಅನ್ನಿಸಿತು.

ಈ ಚಿತ್ರ ಪೀಠ ಏರಿದಾಗ ಏನಾಯಿತು ಅಂತ ಜೊವಾನ್ನಿ ಬಾಲ್ಯೋನೆ ಎಂಬ ಚಿತ್ರಕಾರ ಬರೆದಿಟ್ಟಿದ್ದಾನೆ. ಅವನಿಗೂ ಕರವಾಜ್ಜೋಗೂ ಆಗುತ್ತಿರಲಿಲ್ಲ. 1603ರಲ್ಲಿ ಮಾನನಷ್ಟದ ಮೊಕದ್ದಮೆಯನ್ನೇ ಹೂಡಿದ್ದ. 1642ರಲ್ಲಿ ಅಚ್ಚಾದ ಅವನ ಪುಸ್ತಕದ ಪ್ರಕಾರ, ಕೊಳಕು ಕಾಲು, ಹರಕು ತಲೆಬಟ್ಟೆ ನೋಡಿ ಸಾಮಾನ್ಯ ಜನ ವಿಪರೀತ ಗದ್ದಲ ಎಬ್ಬಿಸಿದರು. ಅದು ಸಿಟ್ಟಿನ ಗದ್ದಲವೋ ಸಂಭ್ರಮದ ಗದ್ದಲವೋ ಅಂತ ಪಂಡಿತರು ಇನ್ನೂ ಚರ್ಚೆ ಮಾಡುತ್ತಾರೆ. ನನಗಂತೂ ಅನುಮಾನವಿಲ್ಲ. ಬಾಗಿಲಲ್ಲಿ ತಮ್ಮ ಕಾಲನ್ನೇ ಕಂಡ ಜನ ಅವರು. "ಎಡಗಾಲಿನ ಬಿರುಕು ಎಲ್ಲೈತಿ" ಅಂತ ಕೇಳಿದವರು ಆ ಗದ್ದಲದಲ್ಲೂ ಇದ್ದಿರಬೇಕು.

ಅವ್ವ ತೀರಿಕೊಂಡದ್ದು 2019ರ ಜನವರಿಯಲ್ಲಿ. ಟ್ರಂಕಿನಲ್ಲಿ ಜಪಸರ, ಅಪ್ಪನ ಮಿಲ್ಲಿನ ಗೇಟ್ ಪಾಸು, ನಮ್ಮ ಜ್ಞಾನಸ್ನಾನದ ಚೀಟಿಗಳ ಜೊತೆ ಒಂದು ಉದ್ದನೆಯ ಖಾತೆ ಪುಸ್ತಕ ಸಿಕ್ಕಿತು. ಹರಿಹರದ ನಡಿಗೆಗೆ ವರ್ಷಕ್ಕೊಂದು ಪುಟ, 1986ರಿಂದ. ಅವ್ವ ನಾಲ್ಕನೇ ಕ್ಲಾಸು ಓದಿದವಳು, ಅಕ್ಷರ ಮಾತ್ರ ದುಂಡಗೆ. 1991ರ ಪುಟ ಹೀಗಿದೆ: "ಮೇಣದ ಬತ್ತಿ 6. ಮಂಡಕ್ಕಿ 2 ಸೇರು. ಬಾಳೆಹಣ್ಣು 1 ಡಜನ್. ಮನೆ ಬಿಟ್ಟಿದ್ದು 2.30. ಬಾತಿ ಕೆರೆ 4.00. ಚಾ 4. ಹರಿಹರ 6.00. ಪೂಜೆ 7.00. ವಾಪಸ್ ಬಸ್. ಕಾಲು ನೋವು ಇಲ್ಲ."

ಒಂದನ್ನು ಬಿಟ್ಟು ಉಳಿದ ಪ್ರತಿ ಪುಟದ ಕೊನೆಗೂ ಅದೇ ಸಾಲು. ನಾನು ಅಂಗಾಲು ಬರೆದ ವರ್ಷದ ಪುಟವನ್ನು ಹುಡುಕಿ ತೆಗೆದೆ. ಅಲ್ಲೂ "ಕಾಲು ನೋವು ಇಲ್ಲ." ಬೊಬ್ಬೆ ಒಡೆದು ನೀರು ಸೋರುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡು ಬರೆದ ಚಿತ್ರ ಬೀರುವಿನಲ್ಲಿದೆ.

ಇದಾದ ಮೇಲೆ ಹಳೆಯ ಯಾತ್ರಿಗಳು ತಾವೇ ಬರೆದುಕೊಂಡದ್ದನ್ನು ಹುಡುಕಿ ಓದುವ ಗೀಳು ಹತ್ತಿತು. ಜೆರುಸಲೇಮಿಗೆ ಹೋದ ಕ್ರೈಸ್ತ ಯಾತ್ರಿಗಳ ಬರಹಗಳಲ್ಲಿ ನಮಗೆ ಉಳಿದಿರುವ ಅತಿ ಹಳೆಯದು ಕ್ರಿ.ಶ. 333ರದು. ಫ್ರಾನ್ಸಿನ ಬೋರ್ಡೋ ಊರಿನಿಂದ ಹೊರಟ ಯಾರೋ ಒಬ್ಬರದು, ಹೆಸರು ಉಳಿದಿಲ್ಲ. ಬಹುಪಾಲು ಊರಿನ ಹೆಸರು, ಎಷ್ಟು ಮೈಲಿ, ಕುದುರೆ ಬದಲಿಸುವ ಕಟ್ಟೆ ಎಲ್ಲಿ, ರಾತ್ರಿ ತಂಗುವುದೆಲ್ಲಿ, ಇಷ್ಟೇ. ಒಣ ಪಟ್ಟಿ ಅಂತ ಕೆಲವರು ಅದನ್ನು ಬದಿಗಿಡುತ್ತಾರೆ. ಅವ್ವನ ಖಾತೆ ಪುಸ್ತಕ ಕೈಯಲ್ಲಿ ಹಿಡಿದವಳಿಗೆ ಹಾಗೆ ಅನ್ನಲು ಬಾಯಿ ಬರುವುದಿಲ್ಲ.

ಅದಾಗಿ ಅರ್ಧ ಶತಮಾನದ ಮೇಲೆ, 381ರಿಂದ 384ರ ಸುಮಾರಿಗೆ, ಎಗೇರಿಯಾ ಎಂಬ ಹೆಂಗಸು ಯುರೋಪಿನ ಪಡುವಣ ತುದಿಯಿಂದ ಹೊರಟು ಸಿನಾಯ್, ಈಜಿಪ್ಟ್, ಜೆರುಸಲೇಮ್ ಎಲ್ಲ ಸುತ್ತಿದಳು. ಊರಲ್ಲಿದ್ದ ತನ್ನ ಸೋದರಿಯರಿಗೆ ಲ್ಯಾಟಿನ್ನಿನಲ್ಲಿ ಕಾಗದ ಬರೆದಳು. ಅದರ ಒಂದು ಹಸ್ತಪ್ರತಿ 1884ರಲ್ಲಿ ಇಟಲಿಯ ಅರೆತ್ಸೋದಲ್ಲಿ ಸಿಕ್ಕಿತು. ಮೊದಲ ಹಾಳೆಗಳೂ ಇಲ್ಲ, ಕೊನೆಯವೂ ಇಲ್ಲ. ಉಳಿದಿರುವ ಭಾಗ ಮುಗಿಯುವ ಹೊತ್ತಿಗೆ ಅವಳು ಕಾನ್‌ಸ್ಟಾಂಟಿನೋಪಲ್ ತಲುಪಿದ್ದಾಳೆ, ಎಫೆಸಕ್ಕೆ ಹೋಗುವ ಮಾತಾಡುತ್ತಿದ್ದಾಳೆ.

ಎಗೇರಿಯಾ ಬರೆದದ್ದನ್ನು ಓದುತ್ತಿದ್ದರೆ ಪಕ್ಕದ ಮನೆಯವಳು ಜಾತ್ರೆಯಿಂದ ಬಂದು ಜಗಲಿಯ ಮೇಲೆ ಕೂತು ಹೇಳಿದ ಹಾಗಿರುತ್ತದೆ. ಸಿನಾಯ್ ಬೆಟ್ಟದ ತುದಿಯ ಗುಡಿಯಿಂದ ಹೊರಬರುವಾಗ ಅಲ್ಲಿನ ಗುರುಗಳು ಬೆಟ್ಟದಲ್ಲೇ ಬೆಳೆದ ಹಣ್ಣನ್ನು ಪ್ರಸಾದದ ಹಾಗೆ ಕೈಗಿಟ್ಟರಂತೆ. ಜೆರುಸಲೇಮಿನಲ್ಲಿ ಬಿಷಪರು ಗ್ರೀಕಿನಲ್ಲೇ ಮಾತಾಡುತ್ತಾರೆ, ಇನ್ನೊಬ್ಬ ಗುರು ಅದನ್ನು ಸಿರಿಯಾಕ್ ಭಾಷೆಗೆ ಹೇಳುತ್ತಾನೆ, ಎರಡೂ ಬಾರದವರಿಗೆ ಲ್ಯಾಟಿನ್ ಬಲ್ಲವರು ಪಕ್ಕದಲ್ಲಿ ನಿಂತು ತಿಳಿಸುತ್ತಾರೆ. ನಮ್ಮ ಹರಿಹರದ ದಾರಿಯಲ್ಲೂ ಹೀಗೇ. ಒಬ್ಬರು ತಮಿಳಿನಲ್ಲಿ ಜಪ ಶುರು ಮಾಡಿದರೆ ಇನ್ನೊಬ್ಬರು ಕೊಂಕಣಿಯಲ್ಲಿ ಮುಂದುವರಿಸುತ್ತಾರೆ, ಅವ್ವ ಕನ್ನಡದಲ್ಲಿ ಮುಗಿಸುತ್ತಿದ್ದಳು. ಎಗೇರಿಯಾ ಹೇಳುವ ಜೆರುಸಲೇಮಿನ ಶುಭ ಶುಕ್ರವಾರದ ಸಂಗತಿಯೊಂದನ್ನು ನಾನು ಮರೆಯುವುದೇ ಇಲ್ಲ. ಮೇಜಿನ ಮೇಲೆ ಯೇಸುವಿನ ಶಿಲುಬೆಯ ಮರದ ತುಂಡು ಇಟ್ಟು, ಬಿಷಪರು ಎರಡೂ ತುದಿ ಗಟ್ಟಿಯಾಗಿ ಹಿಡಿದು ಕೂರುತ್ತಾರೆ. ಜನ ಒಬ್ಬೊಬ್ಬರಾಗಿ ಬಂದು ಹಣೆ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ಮುತ್ತಿಟ್ಟು ಹೋಗಬೇಕು, ಕೈಯಲ್ಲಿ ಮುಟ್ಟುವಂತಿಲ್ಲ. ಸುತ್ತ ಕಾವಲು ಇರುತ್ತದೆ. ಯಾಕೆಂದರೆ ಹಿಂದೊಮ್ಮೆ ಯಾರೋ ಮುತ್ತಿಡುವ ನೆಪದಲ್ಲಿ ಹಲ್ಲಿನಿಂದ ಕಚ್ಚಿ ಒಂದು ಚೂರು ಕಿತ್ತುಕೊಂಡು ಹೋದರಂತೆ! ಅಷ್ಟು ದೂರದಿಂದ ಬಂದ ಆ ಮನುಷ್ಯನ ಆಸೆ ಎಂಥದ್ದಿರಬೇಕು. ಊರಲ್ಲಿ ಯಾರು ಹಾಸಿಗೆ ಹಿಡಿದಿದ್ದರೋ.

ಸಿನಾಯ್ ಹತ್ತಿದ್ದನ್ನು ಹೇಳುವಾಗ ಎಗೇರಿಯಾ, ಬಳಸು ದಾರಿ ಇಲ್ಲ, ಗೋಡೆ ಹತ್ತಿದ ಹಾಗೆ ನೆಟ್ಟಗೆ ಹತ್ತಬೇಕು ಅನ್ನುತ್ತಾಳೆ. ಚಿತ್ರದುರ್ಗದ ಬಂಡೆಗಳನ್ನು ನೋಡಿ ಬೆಳೆದ ನಮಗೆ ಅದು ಕೂಡಲೇ ಕಣ್ಣಿಗೆ ಕಟ್ಟುತ್ತದೆ. ಕಾಲ್ನಡಿಗೆಯಲ್ಲೇ ಹತ್ತಿದೆ, ಬಹಳ ಕಷ್ಟ, ಅಂತಲೂ ಬರೆಯುತ್ತಾಳೆ. ಮರುಕ್ಷಣವೇ, ದೇವರ ದಯದಿಂದ ನನ್ನ ಆಸೆ ಕೈಗೂಡುತ್ತಿತ್ತು, ಹಾಗಾಗಿ ಆ ಆಯಾಸ ಗೊತ್ತಾಗಲೇ ಇಲ್ಲ ಅನ್ನುತ್ತಾಳೆ.

ಈ ಸಾಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟೆ. ಅವ್ವ ಸುಳ್ಳು ಬರೆದಿದ್ದಾಳೆ ಅಂದುಕೊಂಡಿದ್ದೆ ನಾನು. ನಮಗೆ ಚಿಂತೆಯಾಗದಿರಲಿ ಅಂತ, ಅಥವಾ ಹರಕೆಯಲ್ಲಿ ಗೊಣಗಬಾರದು ಅಂತ. ಯಾತ್ರೆ ಹೋದವರ ಕಾಲನ್ನು ಬರೆಯಬೇಕಾದವರು ನಾವು, ಹೊಸ್ತಿಲ ಮೇಲೆ ಕೂತವರು. ಹೋದವರಿಗೆ ಕಂಡದ್ದು ಬೇರೆ. ಅದನ್ನು ಅವರು ಬರೆದಿಟ್ಟಿದ್ದಾರೆ, ನಾವು ನಂಬಬೇಕು.

ಎಲ್ಲರೂ ಹೀಗೆ ತಡೆದುಕೊಂಡವರೇನಲ್ಲ. ಇಂಗ್ಲೆಂಡಿನ ಮಾರ್ಜರಿ ಕೆಂಪ್ ಹದಿನಾಲ್ಕು ಮಕ್ಕಳ ತಾಯಿ, 1413ರಲ್ಲಿ ಜೆರುಸಲೇಮಿಗೆ ಹೊರಟವಳು. ತಾನೇ ಬರೆಯಲು ಬಾರದೆ ಇನ್ನೊಬ್ಬರ ಕೈಲಿ ಬರೆಸಿದಳು. ಯೇಸು ಸತ್ತ ಜಾಗದಲ್ಲಿ ಬಿದ್ದು ಹೊರಳಾಡಿ ಕೂಗಿ ಅತ್ತಳು. ಅವಳ ಅಳು, ಅವಳ ದೇವರ ಮಾತು ತಾಳಲಾರದೆ ಜೊತೆಯವರು ದಾರಿಯಲ್ಲೇ ಅವಳ ನಿಲುವಂಗಿ ಗಿಡ್ಡ ಮಾಡಿ ಕತ್ತರಿಸಿದರು, ಊಟದ ಮೇಜಿನ ತುದಿಗೆ ಕೂರಿಸಿದರು. ಈ ಕಥೆಯೊಂದು ನನಗೆ ಮೊದಲೇ ಗೊತ್ತಿತ್ತು, ಅವ್ವ ಇದ್ದಾಗ ಅವಳಿಗೆ ಹೇಳಿದ್ದೆ. ಅವ್ವ ಬಹಳ ನೊಂದುಕೊಂಡಳು. "ಅಳೋರ್ನ ಮೊದ್ಲು ಕರ್ಕೊಂಡು ಹೋಗ್ಬೇಕವ್ವ. ಗಟ್ಟಿ ಇದ್ದೋರು ಹೆಂಗೂ ಬರ್ತಾರೆ."

ಅವ್ವನಿಗೆ ಒಂದು ಬಟ್ಟೆ ಚೀಲವಿತ್ತು, ಅಪ್ಪನ ಹಳೇ ಪ್ಯಾಂಟು ಕತ್ತರಿಸಿ ಹೊಲಿದದ್ದು. ನಡಿಗೆಗೆ ಮಾತ್ರ ಹೊರಗೆ ಬರುತ್ತಿತ್ತು. ಮಣ್ಣಿಗಿಡುವ ದಿನ ಕೈಗೆ ಜಪಸರ ಸುತ್ತಿದೆವು, ಚೀಲ ಯಾರಿಗೂ ನೆನಪಾಗಲಿಲ್ಲ. ಫ್ರಾನ್ಸಿನ ಓತಾಂ ಊರಿನ ಚರ್ಚಿನ ಹೆಬ್ಬಾಗಿಲ ಮೇಲೆ 1130ರ ಸುಮಾರಿನ ಕಡೆಯ ತೀರ್ಪಿನ ಕೆತ್ತನೆ ಇದೆ. ಸತ್ತವರು ಗೋರಿಯಿಂದ ಬೆತ್ತಲೆ ಏಳುತ್ತಿದ್ದಾರೆ. ಅವರಲ್ಲಿ ಇಬ್ಬರ ಹೆಗಲಲ್ಲಿ ಯಾತ್ರೆಯ ಚೀಲ ಇದೆ. ಒಂದರ ಮೇಲೆ ಶಿಲುಬೆ, ಅವನು ಜೆರುಸಲೇಮಿಗೆ ಹೋಗಿಬಂದವನು. ಇನ್ನೊಂದರ ಮೇಲೆ ಕಡಲ ಚಿಪ್ಪು, ಅವನು ಸ್ಪೇನಿನಲ್ಲಿರುವ, ಯೇಸುವಿನ ಶಿಷ್ಯ ಸಂತ ಯಾಗಪ್ಪರ ಸಮಾಧಿಗೆ ನಡೆದವನು. ಆ ಕೆತ್ತನೆಯ ಫೋಟೋ ಮೊದಲೇ ನೋಡಿದ್ದರೆ ಚೀಲವನ್ನೂ ಅವ್ವನ ಜೊತೆ ಕಳಿಸುತ್ತಿದ್ದೆ. ಈಗ ಅದನ್ನು ಸೆಪ್ಟೆಂಬರಿನಲ್ಲಿ ನಾನು ಹಾಕಿಕೊಳ್ಳುತ್ತೇನೆ.

2015ರ ಪುಟದಲ್ಲಿ "ಬಾತಿಯಿಂದ ಆಟೋ" ಅಂತಿದೆ, ಪಕ್ಕದಲ್ಲಿ ದುಡ್ಡು. ಕೊನೆಯ ಸಾಲು ಇಲ್ಲ. ಇಷ್ಟು ವರ್ಷಗಳಲ್ಲಿ ಆ ಸಾಲು ಇಲ್ಲದ ಪುಟ ಅದೊಂದೇ. ಅಲ್ಲಿಗೆ ಮಂಡಿ ಪೂರ್ತಿ ಹೋಯಿತು, ಆಮೇಲೆ ಅವ್ವ ನಡೆಯಲಿಲ್ಲ.

ಆದರೆ ರಾತ್ರಿ ಮಲಗುತ್ತಲೂ ಇರಲಿಲ್ಲ. ನಾವು ಹೊರಟ ಅರ್ಧ ಗಂಟೆಗೇ ಫೋನು. "ಎಲ್ಲಿದ್ದೀರಿ? ಬಾತಿ ಕೆರೆ ಬಂತಾ? ನೀರು ಹೆಂಗೈತಿ?" ಇನ್ನೊಂದು ತಾಸಿಗೆ ಮತ್ತೆ. ಚಾ ಕುಡಿದಿರಾ, ಮಂಡಕ್ಕಿ ತಿಂದಿರಾ, ಮಳೆ ಐತಾ. ಒಮ್ಮೊಮ್ಮೆ ನನಗೆ ಬೇಸರವೂ ಆಗಿದೆ, ಜಪದ ಮಧ್ಯೆ ಫೋನು ಬಂದರೆ. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದಲ್ಲಿ ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ಇದ್ದ. 1250ರ ಸುಮಾರಿಗೆ ಲಂಡನ್ನಿನಿಂದ ಪವಿತ್ರ ನಾಡಿನವರೆಗೆ ದಾರಿಯನ್ನು ಉದ್ದುದ್ದ ಪಟ್ಟಿಗಳಾಗಿ ಬರೆದ. ಒಂದೊಂದು ಊರಿಗೂ ಒಂದು ಕೋಟೆಯೋ ಗೋಪುರವೋ, ಊರಿಂದೂರಿಗೆ ಒಂದು ಗೆರೆ, ಗೆರೆಯ ಪಕ್ಕದಲ್ಲಿ "ಒಂದು ದಿನದ ಹಾದಿ" ಎಂಬ ಬರಹ. ಅವನು ಜೆರುಸಲೇಮ್ ಕಂಡವನಲ್ಲ. ಮಠ ಬಿಟ್ಟು ಹೋಗಲಾಗದ ಸನ್ಯಾಸಿಗಳು ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಊರೂರಾಗಿ ಓದುತ್ತ ಕೂತಲ್ಲೇ ಯಾತ್ರೆ ಮುಗಿಸುತ್ತಿದ್ದರು ಅಂತ ಕೆಲವು ಪಂಡಿತರು ಹೇಳುತ್ತಾರೆ.

ಅವ್ವ ಫೋನಿನಲ್ಲಿ ಕೇಳುತ್ತಿದ್ದುದನ್ನೆಲ್ಲ ಬರೆದುಕೊಳ್ಳುತ್ತಿದ್ದಳು ಅಂತ ನನಗೆ ಗೊತ್ತಾದದ್ದು ಟ್ರಂಕು ತೆಗೆದ ಮೇಲೆ. 2016, 2017, 2018, ಮೂರೂ ವರ್ಷಕ್ಕೆ ಪುಟಗಳಿವೆ. ಕೊನೆಯ ಪುಟದ ಹೊತ್ತಿಗೆ ಅವ್ವ ಮಂಚದಿಂದ ಇಳಿಯಲು ಇಬ್ಬರು ಹಿಡಿದುಕೊಳ್ಳಬೇಕಿತ್ತು. ಅಕ್ಷರ ನಡುಗಿವೆ, ಸಾಲು ಓರೆಯಾಗಿವೆ.

"ಮನೆ ಬಿಟ್ಟಿದ್ದು 2.30. ಬಾತಿ ಕೆರೆ 4.15. ಜಿನುಗು ಮಳೆ. ಚಾ 3. ಹರಿಹರ 6.20. ಮೇಣದ ಬತ್ತಿ 6 ಹಚ್ಚಿದೆವು. ಕಾಲು ನೋವು ಇಲ್ಲ."