ಅವರಿಗೂ ಇದನ್ನೇ ಕೇಳಿದ್ರಾ?

ಭಾನುವಾರದಿಂದ ಈ ಒಂದು ಮಾತು ಕಿವಿಯಲ್ಲೇ ಕೂತಿದೆ. "ಸರ್, ಅವರಿಗೂ ಇದನ್ನೇ ಕೇಳಿದ್ರಾ?"

ಫೋಟೊ ನೋಡಿ ಹಾವು ಗುರುತಿಸುವ ನಮ್ಮ ಆನ್‌ಲೈನ್ ಗುಂಪಿಗೆ ಹೊಸ ಅಡ್ಮಿನ್ ಬೇಕಿತ್ತು. ಸಂಬಳವಿಲ್ಲದ ಕೆಲಸ. ಹೆಸರು ಕೊಟ್ಟವರು ಇಬ್ಬರು. ಮೊದಲನೆಯವರು ಹಾವು ಹಿಡಿಯುವವರು, ನಾಗರವನ್ನು ಬಾಲ ಹಿಡಿದೆತ್ತಿ ಫೋಟೊ ಹಾಕುವವರು. (ನನ್ನ ಪ್ರಕಾರ ಆ ಫೋಟೊ ಒಂದೇ ಸಾಕು, ಬೇಡ ಅನ್ನೋದಕ್ಕೆ.) "ಇವರು ನಮ್ಮವರೇ ಬಿಡಿ, ಕೇಳೋದೇನಿದೆ" ಅಂದರು ಹಿರಿಯರು. ಐದು ನಿಮಿಷಕ್ಕೆ ಸಂದರ್ಶನದ ಕರೆ ಮುಗಿಯಿತು.

ಎರಡನೆಯವರು ಮಲೆನಾಡಿನ ಒಬ್ಬ ಶಾಲಾ ಶಿಕ್ಷಕಿ. ಅವರಿಗೆ ನಲವತ್ತು ನಿಮಿಷ. ಎಲ್ಲಿ ಕಲಿತಿರಿ, ಎಷ್ಟು ಹಾವು ಹಿಡಿದಿದ್ದೀರಿ, ಮೂರು ವರ್ಷದ ಹಿಂದೆ ಹಿರಿಯ ಸದಸ್ಯರೊಬ್ಬರಿಗೆ ಎದುರುತ್ತರ ಕೊಟ್ಟಿದ್ದೇಕೆ. ಆ ಜಗಳ ನನಗೆ ಚೆನ್ನಾಗಿ ನೆನಪಿದೆ. ಗುಂಪಿಗೆ ಬಂದ ಒಂದು ಫೋಟೊ ನೋಡಿ ಆ ಸದಸ್ಯರು ಇದು ತೋಳದ ಹಾವು, ವಿಷವಿಲ್ಲ ಅಂದಿದ್ದರು. ತೋಳದ ಹಾವಿಗೆ ಪಟ್ಟೆ ಕುತ್ತಿಗೆಯ ಹತ್ತಿರವೇ ದಟ್ಟ, ಇದಕ್ಕೆ ತಲೆ ಕಡೆಗೆ ಮಾಸಿದೆ, ಜೋಡಿ ಜೋಡಿಯಾಗಿದೆ, ಇದು ಕಟ್ಟುಹಾವು ಅಂತ ಈಕೆ ಪಟ್ಟು ಹಿಡಿದರು. ಈಕೆ ಹೇಳಿದ್ದೇ ಸರಿಯಾಗಿತ್ತು. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ, ಗಾಯವೂ ಕಾಣುವುದಿಲ್ಲ. ಮಲಗಿದವರು ಮಲಗಿದಂತೆಯೇ ಹೋಗುವುದೂ ಉಂಟು. ಅಂಥ ಎದುರುತ್ತರವನ್ನು ಅರ್ಹತೆಯ ಪಟ್ಟಿಗೆ ಬರೆಯಬೇಕಿತ್ತು, ನಾವು ತಪ್ಪಿನ ಪಟ್ಟಿಗೆ ಬರೆದೆವು.

ಕೊನೆಗೆ ಬಂತು ಆ ಪ್ರಶ್ನೆ: "ರಾತ್ರಿ ಹನ್ನೆರಡಕ್ಕೂ ಮೆಸೇಜ್ ಬರ್ತಾವೆ. ಮನೇಲಿ ಏನೂ ಅನ್ನಲ್ವಾ?"

ಒಂದು ಗಳಿಗೆ ಸುಮ್ಮನಿದ್ದು ಆಕೆ ಕೇಳಿದರು. "ಸರ್, ಅವರಿಗೂ ಇದನ್ನೇ ಕೇಳಿದ್ರಾ?"

ಯಾರೂ ಉಸಿರೆತ್ತಲಿಲ್ಲ. ಕೇಳಿಲ್ಲ ಅಂತ ಹೇಳಬೇಕಾಗಿದ್ದ ನಾನೂ ಮ್ಯೂಟ್‌ನಲ್ಲೇ ಕೂತಿದ್ದೆ.

ಮನೆಯ ಪ್ರಶ್ನೆ ಕೇಳಿದ ಹಿರಿಯರು ಕೆಟ್ಟವರಲ್ಲ. ನಡುರಾತ್ರಿ ಸ್ವಂತ ಕಾರಿನಲ್ಲಿ ಎಷ್ಟೋ ಜನರನ್ನು ಆಸ್ಪತ್ರೆಗೆ ಮುಟ್ಟಿಸಿದವರು. ಆದರೆ ಒಳ್ಳೆಯವರಿಗೂ ಪರಿಚಯದ ಮುಖ ಕಂಡರೆ ಪ್ರಶ್ನೆ ಮರೆತುಹೋಗುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಡ್ಮಿನ್ ಆಗಲು ಎಲ್ಲರೆದುರು ಒಂದು ವಾರ ಪ್ರಶ್ನೆಗಳ ಮಳೆಯಲ್ಲಿ ನಿಲ್ಲಬೇಕಿತ್ತು; ಹೆದರಿ ಹೆಸರು ಕೊಡುವವರೇ ಕಡಿಮೆಯಾದರು. 2024ರಲ್ಲಿ ಗುಪ್ತ ಮತದಾನದ ಚುನಾವಣೆಯನ್ನೂ ಮಾಡಿ ನೋಡಿದರು, 11 ಜನ ಆರಿಸಿ ಬಂದರು. ಅಷ್ಟು ದೊಡ್ಡ ಸಮುದಾಯವೇ ತನ್ನ ಪದ್ಧತಿಯನ್ನು ಪ್ರಶ್ನಿಸಿಕೊಂಡಿತು. ನಮ್ಮಲ್ಲಿ ಪದ್ಧತಿಯೇ ಇಲ್ಲ, "ನಮ್ಮವರೇ" ಅನ್ನುವ ಒಂದು ಪದ ಇದೆ. ಜಾತ್ರೆ ಸಮಿತಿಯಿಂದ ಸಂಘದ ಚುನಾವಣೆಯವರೆಗೆ ಆ ಪದ ಯಾರ ಮುಂದೆ ಬಾಗಿಲು ಹಾಕಿತು ಅಂತ ಲೆಕ್ಕ ಇಟ್ಟವರಿಲ್ಲ. ಹಾವು ಕಡಿತವನ್ನು ವರದಿ ಮಾಡಲೇಬೇಕು ಅಂತ ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿತು. ಲೆಕ್ಕ ಸಿಗದಿದ್ದರೆ ಸಾವು ಕಾಣುವುದಿಲ್ಲ ಅನ್ನೋದು ಸರ್ಕಾರಕ್ಕೂ ಗೊತ್ತಾಗಿದೆ.

ನಿನ್ನೆ ಹಿರಿಯರಿಗೆ ಫೋನ್ ಮಾಡಿ ಅಂದು ಹೇಳದ್ದನ್ನೆಲ್ಲ ಹೇಳಿದೆ. ಬೇಸರವಾಯಿತು ಅವರಿಗೆ, ಆದರೂ ಒಪ್ಪಿದರು. ಇಬ್ಬರಿಗೂ ಅದೇ ಹತ್ತು ಫೋಟೊ, ಅವೇ ನಾಲ್ಕು ಪ್ರಶ್ನೆ ಕಳಿಸಿದ್ದೇವೆ. ಉತ್ತರ ನೋಡುವವರಿಗೆ ಹೆಸರು ಕಾಣುವುದಿಲ್ಲ. ಭಾನುವಾರ ನಾನು ಬಾಯಿ ಬಿಡದಿದ್ದಕ್ಕೆ ಆಕೆಗೆ ಬೇರೆಯಾಗಿ ಕ್ಷಮೆ ಕೇಳಿ ಬರೆದೆ.

ಅದಕ್ಕೆ ಉತ್ತರ ಬಂದಿಲ್ಲ. ಹತ್ತು ನಿಮಿಷ ಬಿಟ್ಟು ಬಂದ ಮೆಸೇಜ್ ಇಷ್ಟೇ: "ಏಳನೇ ಫೋಟೊದಲ್ಲಿ ಕುತ್ತಿಗೆ ಮಸುಕಾಗಿದೆ. ಇದನ್ನು ನೋಡಿ ಹೇಳೋಕಾಗಲ್ಲ, ಇನ್ನೊಂದು ಇದ್ದರೆ ಕಳಿಸಿ."