ವೆಲ್ಡಿಂಗ್ ಶೆಡ್ಡಿನಲ್ಲಿ ಮಾರ್ಕನ ಸುವಾರ್ತೆ

ಸಭೆಯ ಸೂಚನಾ ಫಲಕಕ್ಕೆ ನನ್ನ ಕೈಯಾರೆ ಚುಚ್ಚಿದ ಒಂದು ಹಾಳೆಯಿಂದಲೇ ಇದನ್ನು ಹೇಳಲು ತೊಡಗಬೇಕು. ನಾನು ಉತ್ತರ ಕರ್ನಾಟಕದಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎಂಬ ಪ್ರಾಟೆಸ್ಟೆಂಟ್ ಚರ್ಚಿನ ಸಭಾಪಾಲಕ, ಅಂದರೆ ಪಾದ್ರಿ. 2023ರಲ್ಲಿ ನಾನಿದ್ದ ಸಭೆಯಲ್ಲಿ, ಸಮಿತಿಯ ಚುನಾವಣೆಗೆ ಮುಂಚೆ ವಂತಿಗೆ ಬಾಕಿ ಉಳಿಸಿಕೊಂಡವರ ಪಟ್ಟಿ ಹಾಕುವ ವಾಡಿಕೆ ಇತ್ತು. ಬಾಕಿ ಇದ್ದವರಿಗೆ ಮತವಿಲ್ಲ. ಖಜಾಂಚಿ ಬರೆದುಕೊಟ್ಟರು, ನಾನು ಸಹಿ ಹಾಕಿ ನಾಲ್ಕು ಮೂಲೆಗೂ ಗುಂಡುಪಿನ್ನು ಚುಚ್ಚಿದೆ. ವಂತಿಗೆ ಮನೆಯ ಯಜಮಾನನ ಹೆಸರಿನಲ್ಲಿರುವುದರಿಂದ ಆ ಪಟ್ಟಿಯಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಆಮೇಲೆ ಒಳಗೆ ಹೋಗಿ, ಗಂಡಸರ ಕಡೆಯ ಬೆಂಚುಗಳು ಏಕೆ ಖಾಲಿ ಎಂದು ಪ್ರಸಂಗ ಮಾಡಿದೆ.

ಆ ಪ್ರಸಂಗ ಹೊಸದೇನಲ್ಲ. ಸಭೆಯಾಗಿ ಕೂಡಿಕೊಳ್ಳುವುದನ್ನು ಬಿಡಬೇಡಿರಿ ಎಂಬ, ಬೈಬಲಿನ ಇಬ್ರಿಯರ ಪತ್ರಿಕೆಯ ಹತ್ತನೆಯ ಅಧ್ಯಾಯದ ಮಾತನ್ನು ಎರಡು ವರ್ಷದಲ್ಲಿ ಎಷ್ಟು ಸಲ ಎತ್ತಿಕೊಂಡಿದ್ದೆನೋ ಲೆಕ್ಕವಿಲ್ಲ. ಹೆಂಗಸರ ಕಡೆ ತುಂಬಿರುತ್ತಿತ್ತು. ಗಂಡಸರು ಹೆಂಡತಿ ಮಕ್ಕಳನ್ನು ಬೈಕಿನಲ್ಲಿ ತಂದು ಬಿಟ್ಟು, ಹೊರಗೆ ಬೇವಿನ ಮರದ ಕೆಳಗೆ ಆಶೀರ್ವಚನ ಮುಗಿಯುವ ತನಕ ನಿಂತಿರುತ್ತಿದ್ದರು. ಕೆಲವರು ಮರದ ತನಕವೂ ಬರುವುದನ್ನು ಬಿಟ್ಟಿದ್ದರು. ನಾನು ಅದನ್ನು ಅಲಕ್ಷ್ಯ ಎಂದುಕೊಂಡೆ. ಬಂದು ಕುಳಿತವರನ್ನು, ಬಾರದವರ ಸಲುವಾಗಿ ಗದರಿಸಿದೆ.

ಪಟ್ಟಿ ಹಾಕಿದ ವಾರದಲ್ಲೇ ದೇವಾಲಯದ ಕಬ್ಬಿಣದ ಗೇಟಿನ ಬಿಜಾಗರಿ ಮುರಿಯಿತು. ಹತ್ತಿರದ ವೆಲ್ಡಿಂಗ್ ಶೆಡ್ಡಿಗೆ ಹೋದೆ. ಅದರ ಮಾಲೀಕ ನಮ್ಮ ಸಭೆಯವನೇ, ನನಗಿಂತ ಹತ್ತು ವರ್ಷ ದೊಡ್ಡವನು, ಮೂರು ವರ್ಷದಿಂದ ಆರಾಧನೆಗೆ ಬಾರದವನು. ಕಪ್ಪು ಗಾಜಿನ ಗುರಾಣಿಯನ್ನು ಮುಖದಿಂದ ಸರಿಸಿ ನನ್ನನ್ನು ನೋಡಿದ. ಕಿಸೆಗೆ ಕೈ ಹಾಕಿ, "ಅಯ್ಯನವರೇ, ಈಗ ಐನೂರು ಇದೆ. ಉಳಿದದ್ದಕ್ಕೆ ಸ್ವಲ್ಪ ದಿನ ಕೊಡಿ" ಎಂದ.

ಬಾಕಿ ವಸೂಲಿಗೆ ಬಂದಿದ್ದೇನೆ ಎಂದು ಅವನು ತಿಳಿದುಕೊಂಡಿದ್ದ. ಆ ಕ್ಷಣದ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ. ಅವನ ಕಣ್ಣಿಗೆ ನಾನು ವಸೂಲಿಗಾರನಾಗಿಬಿಟ್ಟಿದ್ದೆ, ಮತ್ತು ಹಾಗೆ ಕಾಣುವಂತೆ ನಡೆದುಕೊಂಡವನು ನಾನೇ.

ಗೇಟಿನ ಮಾತು ಎತ್ತದೆ ಅಲ್ಲಿಯೇ ಒಂದು ಡಬ್ಬದ ಮೇಲೆ ಕುಳಿತೆ. ಅವನು ಗ್ರಿಲ್ ಉಜ್ಜುತ್ತಿದ್ದ. ಗ್ರೈಂಡರಿನ ಸದ್ದಿನಲ್ಲಿ ಮಾತು ಸಾಧ್ಯವಿರಲಿಲ್ಲ, ಅದೇ ಒಳ್ಳೆಯದಾಯಿತು. ಎರಡನೆಯ ಸಲ ಹೋದಾಗ ಚಹಾ ತರಿಸಿದ. ಮೂರನೆಯ ಸಲ ಶಟರ್ ಅರ್ಧ ಇಳಿಸಿ ಮಾತಾಡಿದ. 2020ರ ಲಾಕ್‌ಡೌನ್‌ನಲ್ಲಿ ಮುಂಗಡ ಪಡೆದ ಕೆಲಸಗಳು ನಿಂತುಹೋದವು. ಮತ್ತೆ ತೆರೆಯುವಷ್ಟರಲ್ಲಿ ಕಬ್ಬಿಣದ ದರ ಏರಿತ್ತು, ಹಳೆಯ ದರಕ್ಕೆ ಒಪ್ಪಿಕೊಂಡ ಕೆಲಸವನ್ನು ಕೈಯಿಂದ ಹಾಕಿ ಮುಗಿಸಿದ. ಮಗಳ ನರ್ಸಿಂಗ್ ಓದಿಗೆ ಫೈನಾನ್ಸಿನವರ ಸಾಲ. ಕಾಣಿಕೆಯ ಚೀಲ ಎದುರಿಗೆ ಬಂದಾಗ ಬರಿಗೈ ಹಾಕುವುದು ಹೇಗೆ ಎಂದು ಒಂದು ಭಾನುವಾರ ಬರಲಿಲ್ಲ. ಎರಡನೆಯ ಭಾನುವಾರ, ಹೋದ ವಾರ ಏಕೆ ಬರಲಿಲ್ಲ ಎಂದು ಯಾರಾದರೂ ಕೇಳುತ್ತಾರೆಂದು ಬರಲಿಲ್ಲ. ಮೂರು ತಿಂಗಳಾದ ಮೇಲೆ ಯಾರೂ ಕೇಳಲಿಲ್ಲವಲ್ಲ ಎಂಬ ನೋವಿನಿಂದ ಬರಲಿಲ್ಲ. "ನಂಬಿಕೆ ಬಿಟ್ಟಿಲ್ಲ ಅಯ್ಯನವರೇ, ಮುಖ ಬಿಟ್ಟುಹೋಗಿದೆ" ಎಂದ.

ನನ್ನ ಕೆಲಸದಲ್ಲಿ ನಾನು ಕಲಿತ ಅತಿ ದೊಡ್ಡ ಪಾಠ ಈ ಒಂದು ಮಾತಿನಲ್ಲಿದೆ. ಎದೆಗುಂದಿದ ಗಂಡಸನ್ನು ನಾವು ಅವಿಶ್ವಾಸಿ ಎಂದು ಓದುತ್ತೇವೆ. ಬಹಳ ಸಲ ಅವನನ್ನು ಕಟ್ಟಿಹಾಕಿರುವುದು ನಾಚಿಕೆ. ನಾಚಿಕೆಯಲ್ಲಿರುವವನಿಗೆ ಖಂಡನೆಯ ಪ್ರಸಂಗ ಮಾಡಿದರೆ ಅವನು ಇನ್ನೂ ದೂರ ಸರಿಯುತ್ತಾನೆ.

ಆ ರಾತ್ರಿ ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ತೆರೆದೆ. ಇದ್ದಲಿನ ಬೆಂಕಿ ಎಂಬ ಗ್ರೀಕ್ ಪದ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ, ಎರಡೂ ಯೋಹಾನನಲ್ಲೇ. ಮಹಾಯಾಜಕನ ಅಂಗಳದಲ್ಲಿ ಅಂಥ ಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತ ಶಿಷ್ಯ ಪೇತ್ರನು ಯೇಸುವನ್ನು ಅರಿಯೆನೆಂದ. ಸಮುದ್ರದ ದಡದಲ್ಲಿ ಯೇಸು ಅಂಥದ್ದೇ ಬೆಂಕಿ ಹೊತ್ತಿಸಿ, ಮೀನು ರೊಟ್ಟಿ ಇಟ್ಟು, ರಾತ್ರಿಯೆಲ್ಲ ದುಡಿದು ಬಂದವರನ್ನು ಊಟಕ್ಕೆ ಕರೆದ. ಊಟವಾದ ಮೇಲೆಯೇ ಪೇತ್ರನಿಗೆ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ ಕೇಳಿ, ಮೂರು ಸಲವೂ ತನ್ನ ಕುರಿಗಳನ್ನು, ಅಂದರೆ ತನ್ನ ಜನರನ್ನು, ಕಾಯಲು ಒಪ್ಪಿಸಿದ. ಸೆಮಿನರಿಯಲ್ಲಿ ಪರೀಕ್ಷೆಗೆ ಬರೆದ ವಿಷಯವಿದು. ನಾಚಿಕೆ ಹುಟ್ಟಿದ ಜಾಗದಲ್ಲೇ ಅದನ್ನು ಕಳೆಯಬೇಕು ಎಂಬುದು ನನಗೆ ಅಂದು ಹೊಳೆದಿರಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರನ್ನೂ ಸೂಚನಾ ಫಲಕದ ಮುಂದೆ ಕರೆದು, ಪಟ್ಟಿಯನ್ನು ಕಿತ್ತು, ಬೇವಿನ ಮರದ ಕೆಳಗಿದ್ದವರಿಗೂ ಕೇಳುವಂತೆ ಕ್ಷಮೆ ಕೇಳಿದೆ. ಸಮಿತಿಯ ಒಬ್ಬ ಹಿರಿಯರಿಗೆ ಸಿಟ್ಟು ಬಂತು. ವಂತಿಗೆ ಬೇಡವೇ ಎಂದರು. ಬೇಕು, ಆದರೆ ಬಾಕಿಯ ಮಾತನ್ನು ಅವರವರ ಮನೆಗೆ ಹೋಗಿ ಕೇಳೋಣ ಎಂದೆ. ಆ ಚರ್ಚೆ ಸಮಿತಿಯ ಮೂರು ಕೂಟಗಳವರೆಗೆ ಎಳೆಯಿತು, ಅದರ ವಿವರ ಇಲ್ಲಿ ಬೇಡ.

ಮಂಗಳವಾರ ರಾತ್ರಿ ಎಂಟೂವರೆಗೆ ಶೆಡ್ಡಿನಲ್ಲಿ ಸೇರತೊಡಗಿದೆವು. ಮೊದಲು ಮೂವರು: ಅವನು, ಒಬ್ಬ ಆಟೋ ಚಾಲಕ, ನಾನು. ನಾಲ್ಕು ತಿಂಗಳಲ್ಲಿ ಏಳು ಜನ. ವಾರಕ್ಕೊಂದು ಅಧ್ಯಾಯದಂತೆ ಮಾರ್ಕನ 16 ಅಧ್ಯಾಯಗಳು. ಹಾಡಿಲ್ಲ, ಕಾಣಿಕೆಯಿಲ್ಲ, ಪ್ರಸಂಗವಂತೂ ಇಲ್ಲ. ಮೊಬೈಲುಗಳೆಲ್ಲ ವೆಲ್ಡಿಂಗ್ ರಾಡ್ ಇಡುವ ಡ್ರಾಯರಿನೊಳಗೆ ಹೋಗಬೇಕು. ಅಲ್ಲಿ ಆಡಿದ ಮಾತು ಹೆಂಡತಿಯ ಕಿವಿಗೂ ಹೋಗಬಾರದು, ಹೇಳುವುದಿದ್ದರೆ ಆಡಿದವನೇ ಹೇಳಬೇಕು.

ಒಂಬತ್ತನೆಯ ಅಧ್ಯಾಯವನ್ನು ಆಟೋ ಚಾಲಕ ಓದುತ್ತಿದ್ದ. ರೋಗಿಯಾದ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗುವ ಜಾಗದಲ್ಲಿ ಅವನ ಓದು ನಿಂತಿತು. "ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಹುದೇ?" ಎಂದು ಕೇಳಿದ. ಯಾರೂ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಆ ತಂದೆಯ ಮಗ ಗುಣವಾದನಲ್ಲ ಎಂದು ಅವನೇ ಹೇಳಿಕೊಂಡ. ತನ್ನ ಕುಡಿತದ ವಿಷಯವನ್ನು ಅಂದು ಮೊದಲ ಸಲ ಬಾಯಿಬಿಟ್ಟ. ಮರುದಿನದಿಂದ ವೆಲ್ಡಿಂಗಿನವನು ಬೆಳಿಗ್ಗೆ ಐದೂವರೆಗೆ ಅವನಿಗೆ ಫೋನ್ ಮಾಡಿ ಒಂದು ಕೀರ್ತನೆ ಓದತೊಡಗಿದ. ನಾನು ಹೇಳಿಕೊಟ್ಟಿದ್ದಲ್ಲ.

ಆ ಶೆಡ್ಡಿನಲ್ಲಿ ಕುಳಿತಾಗ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ನೆನಪಾಗುತ್ತಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ ಬಂದರು. ದೀಕ್ಷಾಸ್ನಾನ ಪಡೆದವರು ಕುಲದ ಜೊತೆ ಕಸುಬನ್ನೂ ಕಳೆದುಕೊಂಡಾಗ ಮಗ್ಗಗಳನ್ನು ಹಾಕಿದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ದಿನದ ದುಡಿಮೆ ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು. ಉದ್ಯೋಗವನ್ನೂ ಸಭೆಯನ್ನೂ ಒಂದೇ ಕೈಯಲ್ಲಿ ಹಿಡಿದದ್ದರಿಂದ ಪರಾವಲಂಬನೆಯೂ ಬೆಳೆಯಿತು, ಅದನ್ನು ಮರೆಯಬಾರದು. ಆದರೂ ಗಂಡಸು ಬೆವರು ಸುರಿಸುವ ಜಾಗಕ್ಕೆ ದೇವರ ವಾಕ್ಯ ಹೋಗಬೇಕೆಂದು ಅವರಿಗೆ ಗೊತ್ತಿತ್ತು.

ನನ್ನ ಇನ್ನೊಂದು ತಪ್ಪನ್ನೂ ಹೇಳಬೇಕು. ಏಳು ಜನರಾದಾಗ ಹಿಗ್ಗಿ, ಅದಕ್ಕೊಂದು ಹೆಸರು, ಬ್ಯಾನರು, ವಾರ್ಷಿಕ ವರದಿಗೆ ಫೋಟೋ ಮಾಡಿಸಿದೆ. ಮುಂದಿನ ಮಂಗಳವಾರ ಮೂವರೇ ಬಂದರು. ಬ್ಯಾನರು ಇಳಿಸಿ, ಒಬ್ಬೊಬ್ಬರ ಮನೆಗೂ ಹೋಗಿ ಬರಬೇಕಾಯಿತು. ಅವರಲ್ಲಿ ಒಬ್ಬ ಮರಳಲೇ ಇಲ್ಲ. ಬೇರೆ ಊರಿಗೆ ದುಡಿಯಲು ಹೋದ, ಈಗ ಫೋನ್ ನಂಬರೂ ಬದಲಾಗಿದೆ. ಅವನಿಗಾಗಿ ನಾನು ಪ್ರತಿದಿನ ಪ್ರಾರ್ಥಿಸುತ್ತೇನೆ.

ಮರುವರ್ಷದ ಶುಭಶುಕ್ರವಾರದ ಹಿಂದಿನ ರಾತ್ರಿ ಕರ್ತನ ಭೋಜನಕ್ಕೆ ವೆಲ್ಡಿಂಗಿನವನು ಬಂದ. ಹಿಂದಿನ ಬೆಂಚು, ಗೋಡೆಯ ಕಡೆ. ರೊಟ್ಟಿ ಪಡೆಯಲು ಎದ್ದಾಗ ಆಟೋ ಚಾಲಕ ಅವನ ಪಕ್ಕದಲ್ಲೇ ಮೊಣಕಾಲೂರಿದ. ಸುಟ್ಟ ಕಲೆಗಳಿದ್ದ ಆ ಅಂಗೈಯಲ್ಲಿ ರೊಟ್ಟಿ ಇಡುವಾಗ ಹೇಳಬೇಕಾದ ಮಾತು ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಅವನೇ ಮೆಲ್ಲಗೆ ಆಮೆನ್ ಎಂದ.

ಆ ಮೇ ತಿಂಗಳಲ್ಲಿ ನನಗೆ ವರ್ಗವಾಯಿತು. ಹೊಸ ಊರಿನಲ್ಲಿ ಇನ್ನೂ ಮನೆ ಮನೆ ಸುತ್ತುತ್ತಿದ್ದೇನೆ, ಇಲ್ಲಿಯೂ ಒಂದು ಬೇವಿನ ಮರವಿದೆ. ಮಂಗಳವಾರ ರಾತ್ರಿ ಎಂಟೂವರೆಯ ಮೇಲೆ ಒಮ್ಮೊಮ್ಮೆ ಅವರಿಗೆ ಫೋನ್ ಮಾಡುತ್ತೇನೆ. ಗಂಟೆ ಹೊಡೆದುಕೊಳ್ಳುತ್ತದೆ, ಒಬ್ಬರೂ ಎತ್ತುವುದಿಲ್ಲ. ಮೊಬೈಲುಗಳು ಡ್ರಾಯರಿನಲ್ಲಿವೆ.